ದುರುಗಪ್ಪನ ಕಾಲ್ಗುಣ

ನನ್ನ ಗಂಡನ ಕಾಲಿಗೆ ನಮ್ಮ ಸೀಮೆಯಲ್ಲಿ ಇನ್ಯಾರ ಕಾಲಿಗೂ ಇಲ್ಲದ ಮರ್ಯಾದೆ ಇತ್ತು. ವಾರಕ್ಕೊಮ್ಮೆಯಾದರೂ ಆ ಕಾಲಿಗೆ ಅರಿಸಿನದ ನೀರು, ಕುಂಕುಮ, ಹೂವು, ಕರ್ಪೂರ. ಎದುರಿಗೆ ಒಂದು ಕಾಯಿ ಒಡೆಯುತ್ತಿದ್ದರು. ಆಮೇಲೆ ಆ ಕಾಲನ್ನು, ಅದರ ಮೇಲೆ ನಿಂತ ಮನುಷ್ಯನ ಸಮೇತ, ಸಾಯಲಿಕ್ಕೆ ಕಳಿಸುತ್ತಿದ್ದರು.

ನಾನು ಕರಿಯವ್ವ, ಸೊರಟೂರಿನ ಮಾದರ ಕೇರಿಯವಳು. ಗಂಡ ದುರುಗಪ್ಪ ನನಗೆ ಸೋದರಮಾವನೇ ಆಗಬೇಕು. ಮದುವೆಯಾದ ಮೇಲೂ ಮಾವಾ ಎಂದು ಕರೆಯುವುದನ್ನು ಬಿಟ್ಟಿಲ್ಲ. ಊರಿನಿಂದ ಕಪ್ಪತಗುಡ್ಡದ ಕಡೆ ಮುಖ ಮಾಡಿ ನಡೆದರೆ ಮುತ್ತಣ್ಣ ಸಾವಕಾರರ ಹೊಲ ಸಿಗುತ್ತದೆ. ಹೊಲದ ಕೊನೆಗೆ ಒಂದು ದಿಬ್ಬ, ದಿಬ್ಬದ ಹೊಟ್ಟೆಯಲ್ಲಿ ಬಿಳಿಯರ ಕಾಲದ್ದು ಎನ್ನುವ ಒಂದು ಗವಿ. ಕಲ್ಲು ಒಡೆಯುತ್ತೇನೆಂದು ಹೇಳಿ ಸಾವಕಾರರು ಪರವಾನಗಿ ತಂದರು, ತಂದವರು ಚಿನ್ನ ತೆಗೆಯತೊಡಗಿದರು. ಊರಿಗೆಲ್ಲ ಗೊತ್ತು. ಪರವಾನಗಿ ಕೊಟ್ಟವರಿಗೂ ಗೊತ್ತಿರಬೇಕು.

ಗವಿಯಲ್ಲಿ ಎಲ್ಲರಿಗೂ ಒಂದೊಂದು ಕೆಲಸ ಹಂಚಿದ್ದರು. ಶೇಖಸಾಬ ಬಂಡೆಗೆ ತೂತು ಕೊರೆದು ಮದ್ದು ತುಂಬಿ ಹಾರಿಸುವವನು. ಉಳಿದ ಗಂಡಸರು ಒಡೆದ ಬೆಣಚುಕಲ್ಲನ್ನು ಹೊರಗೆ ಹೊತ್ತು ಹಾಕುವವರು. ಅದನ್ನು ಬುಟ್ಟಿಯಲ್ಲಿ ಹೊತ್ತು, ಕುಟ್ಟಿ, ಪುಡಿ ಮಾಡಿ, ಮರಿಗೆಯಲ್ಲಿ ತೊಳೆಯುವವರು ನಾವು ಹೆಂಗಸರು. ಮರಿಗೆ ಎಂದರೆ ಕಟ್ಟಿಗೆಯ ಉದ್ದನೆಯ ತಟ್ಟೆ. ನೀರು ಹಾಕಿ ತೂಗುತ್ತ ಹೋದರೆ ಮಣ್ಣು ಹರಿದುಹೋಗಿ ಕರಿ ಉಸುಕು ಉಳಿಯುತ್ತದೆ. ನಸೀಬಿದ್ದರೆ ಆ ಉಸುಕಿನ ಅಂಚಿಗೆ ಹಳದಿ ಕಣ ಕಾಣುತ್ತವೆ. ನಮ್ಮ ಬೆರಳು ದಿನವಿಡೀ ನೀರಲ್ಲಿ ನೆನೆದು ಸುಲಿಯುತ್ತಿದ್ದವು, ರಾತ್ರಿ ರೊಟ್ಟಿ ಮುರಿದರೆ ಖಾರ ಹತ್ತಿ ಉರಿಯುತ್ತಿದ್ದವು.

ದುರುಗಪ್ಪನದು ಮಾತ್ರ ಇನ್ಯಾವ ಗಣಿಯಲ್ಲೂ ಇರದ ಕೆಲಸ. ಅವನು ಕಾಲ್ಗುಣದವನು.

ಮದ್ದು ಹಾರಿದ ಮೇಲೆ ಗವಿಯ ಮೇಲ್ಬಂಡೆ ಸಡಿಲಾಗಿರುತ್ತದೆ. ಹೊಗೆ ಇಳಿಯುವ ತನಕ ತಡೆದು, ದೂರ ನಿಂತು ಉದ್ದನೆಯ ಕಬ್ಬಿಣದ ಹಾರೆಯಿಂದ ಬಂಡೆ ಬಡಿದು ನೋಡಿ, ಕಂಬ ಕೊಟ್ಟು, ಆಮೇಲೆ ಒಳಗೆ ಹೋಗಬೇಕು. ಅದಕ್ಕೆ ಹೊತ್ತು ಬೇಕು, ಕಟ್ಟಿಗೆ ಬೇಕು. ಸಾವಕಾರರು ಅದರ ಬದಲು ಒಬ್ಬ ಮನುಷ್ಯನನ್ನು ಇಟ್ಟುಕೊಂಡಿದ್ದರು. ಅವನು ಮೊದಲು ಒಳಗೆ ಹೋಗಬೇಕು. ಅವನು ತಿರುಗಿ ಬಂದರೆ ಬಂಡೆ ಗಟ್ಟಿ ಇದೆ ಎಂದು ಅರ್ಥ, ಉಳಿದವರು ಹೋಗಬಹುದು. ಇದಕ್ಕೆ ಮರ್ಯಾದೆಯ ಹೆಸರು ಬೇಕಲ್ಲ, ಕೇರಿಯವರ ಕಾಲ್ಗುಣ ಗವಿಗೆ ಚಲೋ ಎಂದು ಸಾವಕಾರರೇ ಒಂದು ಪದ್ಧತಿ ಹುಟ್ಟಿಸಿದರು. ನಾನೇ ಎಲ್ಲರೆದುರು ನನ್ನ ಗಂಡನ ಪಾದ ತೊಳೆದು ಕುಂಕುಮ ಹಚ್ಚಬೇಕು. ಅದೇ ಪಾದ ಸಾವಕಾರರ ಓಣಿಗೆ ಹೋದರೆ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕು. ಓಣಿಯಲ್ಲಿ ಕೆಟ್ಟದ್ದಾದ ಕಾಲು ಗವಿಯಲ್ಲಿ ಹೇಗೆ ಚಲೋ ಆಗುತ್ತದೆ ಎಂದು ನಾನು ಕೇಳಿದರೆ, ನಿನ್ನ ಬಾಯಿ ಉದ್ದ ಎನ್ನುತ್ತಿದ್ದರು.

ನನಗೆ ಸಿಟ್ಟು ಬರುತ್ತಿದ್ದದ್ದು ಇನ್ನೊಂದಕ್ಕೆ. ಆ ಪೂಜೆ ದುರುಗಪ್ಪನಿಗೆ ಒಂಚೂರು ರುಚಿಸಿತ್ತು.

"ಊರಾಗ ಯಾರ ಕಾಲಿಗೆ ಇಷ್ಟ ಮರ್ಯಾದಿ ಮಾಡ್ತಾರ ಹೇಳು," ಅನ್ನುತ್ತಿದ್ದ.

"ಕಡಿಯೂ ಕುರಿಗೆ ಮಾಡ್ತಾರ ಮಾವಾ. ಅದಕ್ಕೂ ಅರಿಸಿನ ನೀರ ಹಾಕ್ತಾರ."

ಅವನಿಗಿಂತ ಮೊದಲು ಈ ಮರ್ಯಾದೆ ಅವನ ಅಣ್ಣ ಹುಲಿಗೆಪ್ಪನಿಗೆ ಇತ್ತು. ನನಗೆ ದೊಡ್ಡಮಾವ. ಒಂದು ದಿನ ಕರ್ಪೂರ ಆರುವ ಮೊದಲೇ ಒಳಗಿನಿಂದ ಬಂಡೆ ಜಾರಿದ ಸದ್ದು ಬಂತು. ದೊಡ್ಡಮಾವನ ಒಂದು ಕಾಲಿಗೆ ಮೊಣಕಾಲಿನ ಕೆಳಗೆ ಏನೂ ಉಳಿಯಲಿಲ್ಲ. ಆಸ್ಪತ್ರೆಯಿಂದ ಬಂದ ಮೇಲೆ ಸಾವಕಾರರು ಒಂದು ಟವೆಲ್ಲು, ಒಂದು ಕಾಯಿ ಹಿಡಿದು ಕೇರಿಯ ಬಾಯಿಯ ತನಕ ಬಂದರು. ಕೇರಿಯೊಳಗೆ ಬರಲಿಲ್ಲ. ಅಲ್ಲಿಂದಲೇ ಕೂಗಿದರು, "ಹುಲಿಗೆಪ್ಪಾ, ಕಾಲ ಹೋದ್ರ ಏನಾತು, ಗುಣ ಎಲ್ಲಿ ಹೋಗತೈತಿ!"

ದೊಡ್ಡಮಾವ ಹೊರಸಿನ ಮೇಲಿಂದಲೇ ಕೂಗಿ ಹೇಳಿದ. "ಹೌದ್ರಿ ಸಾವ್ಕಾರ್ರ, ಈಗ ಅರ್ಧಾ ಕಾಲ್ಗುಣ ಐತಿ. ನಿಮ್ಮ ಗವಿಗೂ ಅರ್ಧಾ ಬಾಗಲಾ ಮಾಡಸ್ರಿ, ಬರ್ತೇನಿ."

ಕೇರಿ ಹೊಟ್ಟೆ ಹಿಡಿದು ನಕ್ಕಿತು. ದೊಡ್ಡಮಾವನೂ ನಕ್ಕ. ಸಾವಕಾರರು ಹೋದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ.

ಮರುವಾರವೇ ದುರುಗಪ್ಪನ ಕಾಲಿಗೆ ಕುಂಕುಮ ಬಿತ್ತು.

ಒಮ್ಮೆ ಯಾವುದೋ ಕಚೇರಿಯ ಸಾಹೇಬರು ನೋಡಲು ಬಂದರು. ಅವತ್ತು ಬೆಳಗ್ಗೆ ಸಾವಕಾರರ ಮನೆಯಿಂದ ಹೆಲ್ಮೆಟ್ಟುಗಳು ಬಂದವು. ಗಂಡಸರಿಗೆಲ್ಲ ಒಂದೊಂದು. ನಮಗೆಲ್ಲಿ ಎಂದು ಕೇಳಿದೆ. ಸಾವಕಾರರು ನಕ್ಕರು. "ನಿಮ್ಮ ತಲಿ ಮ್ಯಾಲ ಬುಟ್ಟಿ ಇರತೈತಲ್ಲಬೇ, ಅದ ನಿಮ್ಮ ಹೆಲ್ಮೆಟ್ಟು." ಸಾಹೇಬರು ಒಬ್ಬೊಬ್ಬರನ್ನೇ ಕೆಲಸ ಕೇಳುತ್ತ ಬಂದು ದುರುಗಪ್ಪನ ಎದುರು ನಿಂತರು.

"ನಿನ್ನ ಕೆಲಸ ಏನಪ್ಪಾ?"

"ಮೊದ್ಲ ಒಳಗ ಹೋಗೂದ್ರಿ ಸಾಹೇಬ್ರ."

"ಆಮೇಲೆ?"

"ಆಮ್ಯಾಲ ಬಂದ್ರ ಬರೂದ್ರಿ."

ಸಾಹೇಬರು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಬಹಳ ಮಜಾ ಮನುಷ್ಯ ಎಂದು ಬೆನ್ನು ತಟ್ಟಿದರು. ಸಾವಕಾರರ ಮನೆಗೆ ಹೋಗಿ ಗಿರಮಿಟ್ಟು, ಮಿರ್ಚಿ ತಿಂದು ಮುಂಡರಗಿ ಕಡೆ ಜೀಪು ಬಿಟ್ಟರು. ಹೆಲ್ಮೆಟ್ಟುಗಳೂ ಸಂಜೆ ಸಾವಕಾರರ ಅಟ್ಟ ಸೇರಿದವು.

ನಾನು ಮಾರನೆಯ ದಿನ ಸಾವಕಾರರ ಮುಂದೆ ನಿಂತೆ. ನಾಲ್ಕು ಕಂಬ ಕೊಡಿಸಿರಿ, ಹೊಗೆ ಇಳಿಯುವ ತನಕ ತಡೆಯಿರಿ, ಅಷ್ಟೇ ಕೇಳುತ್ತೇನೆ ಎಂದೆ.

"ಕಂಬ ಯಾಕಬೇ? ಕಾಲ್ಗುಣ ಐತಲ್ಲ ನಿನ್ನ ಗಂಡಂದು!"

ಅವತ್ತು ಮರಿಗೆ ಕೈಯಲ್ಲಿ ನಿಲ್ಲಲಿಲ್ಲ. ಅದನ್ನು ಕೆಳಗಿಟ್ಟು ಪಕ್ಕದವಳಿಗೆ ಎಲ್ಲ ಹೇಳಿದೆ. ನನ್ನ ಪಕ್ಕದಲ್ಲಿ ತೊಳೆಯುವವಳು ಬನಶಂಕರೆವ್ವ, ಬೆಟಗೇರಿಯ ನೇಕಾರರ ಮನೆಯವಳು. ಮಗ್ಗ ನಿಂತ ಮೇಲೆ ಬಸ್ಸು ಹತ್ತಿ ಇಲ್ಲಿಗೆ ಬರುತ್ತಿದ್ದಳು. ಮೊದಮೊದಲು ಕುಡಿಯುವ ನೀರಿನ ತಂಬಿಗೆಯನ್ನು ನನ್ನಿಂದ ದೂರ ಇಟ್ಟುಕೊಳ್ಳುತ್ತಿದ್ದಳು. ಸಂಜೆ ಕಾವಲಿನವನು ಇಬ್ಬರನ್ನೂ ಒಂದೇ ಸಾಲಿಗೆ ನಿಲ್ಲಿಸಿ, ತುರುಬು ಬಿಚ್ಚಿಸಿ, ಸೆರಗು ಝಾಡಿಸಿ, ಬಾಯಿ ತೆರೆಸಿ ನಾಲಿಗೆ ಎತ್ತಿಸಿ ನೋಡತೊಡಗಿದ ಮೇಲೆ ತಂಬಿಗೆ ತಾನಾಗಿ ಹತ್ತಿರ ಬಂತು.

ನನ್ನ ಮಾತೆಲ್ಲ ಕೇಳಿ ಅವಳು ಮರಿಗೆ ತೂಗುತ್ತಲೇ ಅಂದಳು, "ಕರೆವ್ವಾ, ಕಾಲ್ಗುಣ ಚಲೋ ಐತೋ ಇಲ್ಲೋ ಅನ್ನೂದು ಎಲ್ಲಿ ಗೊತ್ತಾಗತೈತಿ?"

"ಗವಿಯಾಗ."

"ಹುಚ್ಚಿ. ಮರಿಗಿಯಾಗ ಗೊತ್ತಾಗತೈತಿ. ಬಂಗಾರ ಕಂಡ್ರ ಕಾಲ್ಗುಣ ಚಲೋ, ಕಾಣಲಿಲ್ಲಂದ್ರ ಖೊಟ್ಟಿ. ಮರಿಗಿ ಯಾರ ಕೈಯಾಗ ಐತಿ?"

ನಾನು ನನ್ನ ಕೈ ನೋಡಿಕೊಂಡೆ. ಆಮೇಲೆ ಇಬ್ಬರೂ ನಗತೊಡಗಿದೆವು, ಕಾವಲಿನವನು ಗದರುವ ತನಕ.

ಕದಿಯಲಿಲ್ಲ. ಒಂದು ಕಣವೂ ಆ ಹೊಲ ದಾಟಲಿಲ್ಲ. ದುರುಗಪ್ಪ ಮೊದಲು ಹೊಕ್ಕು ಬಂದ ದಿನದ ಕಲ್ಲನ್ನು ನಾವು ಸಡಿಲ ಕೈಯಿಂದ ತೊಳೆದೆವು. ಕಣವೆಲ್ಲ ಉಸುಕಿನ ಜೊತೆ ಕೆಳಗಿನ ಹೊಂಡಕ್ಕೆ ಇಳಿಯುತ್ತಿತ್ತು. ಹೊಂಡದ ಕರಿ ಉಸುಕನ್ನು ಒಂದು ಚಪ್ಪಡಿಯ ಕೆಳಗೆ ಕೂಡಿಸಿಟ್ಟೆವು. ಸಾವಕಾರರು ಬಂದು ಬಗ್ಗಿ ನೋಡಿದರೆ ಮರಿಗೆ ಬರಿದು. "ಯಾಕೋ ದುರುಗ್ಯಾನ ಕಾಲ್ಗುಣ ಇಳದೈತಿ," ಎಂದು ಮುಖ ಸಿಂಡರಿಸಿ ಹೋಗುತ್ತಿದ್ದರು.

ಒಂದು ದಿನ ಅವರು ತೊಳೆಯುವಲ್ಲಿಗೆ ಬಂದು ಕಟ್ಟೆಯ ಮೇಲೆ ಕಾಲಿಟ್ಟರು. ಬನಶಂಕರೆವ್ವ ನನಗೆ ಕಣ್ಣು ಹೊಡೆದಳು. ಚಪ್ಪಡಿಯ ಕೆಳಗಿನ ಉಸುಕು ಒಂದು ಬೊಗಸೆ ನನ್ನ ಮರಿಗೆಗೆ ಬಿತ್ತು.

"ಯಪ್ಪಾ, ಸಾವ್ಕಾರ್ರ, ನೋಡ್ರಿಲ್ಲಿ!" ಎಂದು ನಾನು ಚೀರಿದೆ. "ನೀವು ಕಾಲಿಟ್ಟಿದ್ದ ತಡ, ಫಳಾ ಅಂತು!"

"ನಾ ಅವತ್ತ ಹೇಳಿದ್ದಿಲ್ಲೇನು?" ಎಂದಳು ಬನಶಂಕರೆವ್ವ, ಏನೂ ಹೇಳಿರದವಳು. "ದೊಡ್ಡವರ ಪಾದದ ಮಾತ ಬ್ಯಾರೆ."

ಸಾವಕಾರರು ತಮ್ಮ ಪಾದವನ್ನು ತಾವೇ ಬಗ್ಗಿ ನೋಡಿಕೊಂಡರು. ಮುಂದಿನ ಸಲ ಬಂದಾಗಲೂ ಹಾಗೇ ಆಯಿತು. ಅದರ ಮುಂದಿನ ಸಲವೂ ಆಯಿತು. ಸಾವಕಾರರ ಹೆಂಡತಿ ಬಸವಣ್ಣೆವ್ವ ದೇವರು ದಿಂಡರು ಎಂದರೆ ಕರಗಿಹೋಗುವ ಹೆಂಗಸು. ಸುದ್ದಿ ಅವಳ ಕಿವಿಗೆ ಬಿದ್ದದ್ದೇ ಗಂಡನ ಕಾಲಿಗೆ ದಿನಾ ಬೆಳಗ್ಗೆ ಎಣ್ಣೆ ತಿಕ್ಕತೊಡಗಿದಳಂತೆ.

ನಮ್ಮ ಲೆಕ್ಕ ಸರಳವಿತ್ತು. ಚಿನ್ನ ಸಾವಕಾರರ ಕಾಲಿಗೆ ಒಲಿದಿದೆ ಎಂದಾದರೆ ಮೊದಲು ಒಳಗೆ ಹೋಗುವ ಮರ್ಯಾದೆಯೂ ಅವರದೇ. ಅವರು ಹೋಗುವುದಾದರೆ ಕಂಬ ತಾನಾಗಿ ಬರುತ್ತದೆ.

ಲೆಕ್ಕ ತಪ್ಪಿದ್ದು ನಮ್ಮ ಹುರುಪಿನಿಂದ. ಚಪ್ಪಡಿಯ ಕೆಳಗಿದ್ದದ್ದನ್ನು ಚೂರುಚೂರು ಹಾಕುತ್ತ ಹೋಗಬೇಕಿತ್ತು. ಸಾವಕಾರರ ಮುಖ ಅರಳುವುದನ್ನು ನೋಡುವ ಚಟ ಹತ್ತಿ, ಒಂದು ದಿನ ಉಳಿದದ್ದನ್ನೆಲ್ಲ ಒಟ್ಟಿಗೇ ಸುರಿದುಬಿಟ್ಟೆವು. ಮರಿಗೆಯ ಅಂಚಿಗೆ ಹಳದಿ ಗೆರೆಯೇ ಎದ್ದಿತು. ಸಾವಕಾರರು ಬಾಯಿ ಬಿಟ್ಟುಕೊಂಡು ನಿಂತರು. ಆಮೇಲೆ ಗವಿಯ ಕಡೆ ತಿರುಗಿ ಕೂಗಿದರು, "ಶೇಖಸಾಬಾ! ನಾಳೆ ಜೋಡಿ ಮದ್ದ ಹಾಕು! ಒಳಗ ಖಜಾನಿ ಐತಿ!"

ಬನಶಂಕರೆವ್ವನ ನಗು ನಿಂತಿತು. ನನ್ನದೂ ನಿಂತಿತು. ಜೋಡಿ ಮದ್ದು ಎಂದರೆ ಮೇಲ್ಬಂಡೆ ಎರಡರಷ್ಟು ಸಡಿಲಾಗುತ್ತದೆ.

ಮಾರನೆಯ ದಿನ ಮದ್ದು ಹಾರಿದಾಗ ತೊಳೆಯುವ ಹೊಂಡದ ನೀರು ತುಳುಕಿತು. ಗವಿಯ ಬಾಯಿಂದ ಬಿಳಿ ದೂಳು ಉರುಳುರುಳಿ ಬಂತು. ಶೇಖಸಾಬ ಬಾಯಿಯ ಹತ್ತಿರ ಕಿವಿಗೊಟ್ಟು ನಿಂತು ಅಂದ, "ಸಾವ್ಕಾರ್ರ, ಒಳಗ ಇನ್ನೂ ಸಣ್ಣ ಕಲ್ಲಿನ ಹಳ್ಳು ಉದರಾಕ ಹತ್ಯಾವ. ಮ್ಯಾಲಿನ ಬಂಡಿ ಸಡ್ಲ ಆಗೈತಿ. ಕಂಬ ಇಲ್ಲದ ಯಾರನ್ನೂ ಕಳಸಬ್ಯಾಡ್ರಿ."

ಅಷ್ಟರಲ್ಲಿ ಬಸವಣ್ಣೆವ್ವ ಆರತಿ ತಟ್ಟೆ ಹಿಡಿದು ಜೀಪಿನಿಂದ ಇಳಿದಳು. ದುರುಗಪ್ಪನ ಕಡೆ ತಿರುಗಿಯೂ ನೋಡಲಿಲ್ಲ. ನೇರ ಗಂಡನ ಮುಂದೆ ಬಂದು ನಿಂತಳು.

"ಚಪ್ಪಲ್ ಬಿಡ್ರಿ. ಇವತ್ತ ನಿಮ್ಮ ಪಾದಕ್ಕ ಪೂಜಿ. ಮೊದ್ಲ ನೀವ ಹೋಗಬೇಕು."

ಸಾವಕಾರರ ಮುಖದ ಬಣ್ಣ ಇಳಿಯುವುದನ್ನು ನಾನು ಕಣ್ಣು ತುಂಬ ನೋಡಿದೆ. ಆಹಾ, ಏನು ಚಂದ! ಹೆಂಡತಿ ಪಾದ ತೊಳೆದಳು, ಕುಂಕುಮ ಹಚ್ಚಿದಳು, ಬೆಳಗಿದಳು. ಸಾವಕಾರರು ಗವಿ ನೋಡಿದರು. ಗವಿಯೊಳಗೆ ಪಟ್ ಪಟ್ ಎಂದು ಹಳ್ಳು ಬೀಳುತ್ತಿದ್ದವು.

"ಸ್ವಲ್ಪ ಮಂಡಿ ನೋವೈತಿ..." ಎಂದರು.

"ಎಣ್ಣಿ ತಿಕ್ಕೇನಲ್ಲ ಮುಂಜಾನಿ," ಎಂದಳು ಬಸವಣ್ಣೆವ್ವ.

ಇನ್ನು ಕಂಬಕ್ಕೆ ಹೇಳಿ ಕಳಿಸುತ್ತಾರೆ ಎಂದುಕೊಂಡೆ. ಆದರೆ ಸಾವಕಾರಿಕೆ ಸುಮ್ಮನೆ ಬರುವುದಿಲ್ಲ. ಅವರ ಕಣ್ಣು ಬಿಟ್ಟಿಟ್ಟ ಚಪ್ಪಲಿಯ ಮೇಲೆ ಬಿತ್ತು. ಮುಖಕ್ಕೆ ಬಣ್ಣ ಮರಳಿತು.

"ಲೇ ದುರುಗ್ಯಾ, ಬಾ ಇಲ್ಲೆ. ಈ ಚಪ್ಪಲ್ ಹಾಕ್ಕೋ."

ಯಾರಿಗೂ ತಿಳಿಯಲಿಲ್ಲ. ದುರುಗಪ್ಪ ಎರಡು ಹೆಜ್ಜೆ ಹಿಂದೆ ಸರಿದ.

"ಹಾಕ್ಕೋಲೇ! ಚಪ್ಪಲ್ ನಂದು ಅಂದ ಮ್ಯಾಲ ಕಾಲ್ಗುಣಾನೂ ನಂದ. ನೀ ಬರೇ ಹೊತ್ಕೊಂಡ ಹೋಗು."

ದಪ್ಪ ಅಟ್ಟೆಯ ಕೊಲ್ಲಾಪುರಿ ಚಪ್ಪಲಿ. ಅಂಥ ಚರ್ಮ ಹದ ಮಾಡಿದ್ದು ನಮ್ಮವರ ಕೈ, ಹಾಕಿಕೊಂಡು ಓಣಿ ದಾಟದ್ದೂ ನಮ್ಮವರ ಕಾಲು. ದುರುಗಪ್ಪ ಹೆದರುತ್ತ ಬೆರಳು ತೂರಿಸಿದ. ನನಗೆ ಆಗ ಆಟ ಸಾಕಾಗಿತ್ತು. ಮದ್ದು ಜೋಡಿಯಾದದ್ದು ನಮ್ಮಿಂದ, ಹೋಗುವವನು ನನ್ನ ಮಾವ. ನಾನು ಮರಿಗೆ ಎಸೆದು ಓಡಿ ಹೋಗಿ ಅವನ ಎರಡೂ ಕಾಲು ಹಿಡಿದುಕೊಂಡು ಕೂತುಬಿಟ್ಟೆ.

"ಬಿಡಬೇ ಕರಿ," ಎಂದ.

"ಬಿಡೂದಿಲ್ಲ. ನಮ್ಮ ಮನ್ಯಾಗ ಆಗ್ಲೇ ಒಂದ ಕಾಲ ಹೋಗೈತಿ. ಇನ್ನ ನಿನ್ನವೂ ಹೆಂಗ ಕೊಡ್ಲಿ?"

ಅವನು ಬಗ್ಗಿ ನನ್ನ ಬೆರಳು ಒಂದೊಂದಾಗಿ ಬಿಡಿಸಿದ. ಎದ್ದವನು ಬೆಣಚುಕಲ್ಲಿನ ಚಕ್ಕೆಗಳ ಮೇಲೆ ಒಂದು ಹೆಜ್ಜೆ ಇಟ್ಟ. ಇನ್ನೊಂದು ಇಟ್ಟ. ಸಾವಕಾರರ ಹೊಲವೆಂದು ದಿನಾ ಬರಿಗಾಲಲ್ಲಿ ತುಳಿದು ರಕ್ತ ಒರೆಸಿಕೊಳ್ಳುತ್ತಿದ್ದ ಅವೇ ಚಕ್ಕೆ. ಅವನ ಮುಖದ ಮೇಲೆ ಮಗುವಿನಂಥ ಬೆರಗು ಹುಟ್ಟಿತು.

"ಕರೀ, ಚುಚ್ಚೂದ ಇಲ್ಲ ನೋಡ!"

ಒಂದು ಸುತ್ತು ಹಾಕಿದ. ಕಿರ್ ಕಿರ್ ಎಂದು ಸದ್ದು ಮಾಡಿಸಿದ. ಗಂಡಸರು ಹಲ್ಲು ಕಿಸಿದರು. ಸಾವಕಾರರು ಗವಿಯ ಕಡೆ ಕೈ ತೋರಿಸಿ, "ಸಾಕಲೇ ನಿನ್ನ ಮೆರವಣಿಗಿ, ನಡಿ ಒಳಗ," ಎಂದರು.

ದುರುಗಪ್ಪ ನಿಂತ. ಗವಿಯ ಬಾಯಿ ನೋಡಿದ, ನನ್ನನ್ನು ನೋಡಿದ.

"ಸಾವ್ಕಾರ್ರ, ಒಂದ ಕೇಳ್ತೇನ್ರಿ. ಈಗ ಈ ಕಾಲ ನಂದೋ ನಿಮ್ದೋ?"

"ಕಾಲ ನಿಂದು, ಕಾಲ್ಗುಣ ನಂದು."

"ಹಂಗಾರ ನಿಮ್ಮ ಕಾಲ್ಗುಣ ಒಳಗ ಹೋಗ್ಲಿ. ನನ್ನ ಕಾಲ ಇಲ್ಲೇ ಕುಂದರತೈತಿ."

ಹೇಳಿದವನೇ ಕಲ್ಲಿನ ಮೇಲೆ ಕೂತ. ಕಾಲ ಮೇಲೆ ಕಾಲು ಹಾಕಿಕೊಂಡ. ಸಾವಕಾರರ ಎದುರು ನಮ್ಮ ಕೇರಿಯವರು ಹಾಗೆ ಕೂತದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

"ಶೇಖಸಾಬಾ, ನೀ ಹೋಗು," ಎಂದರು ಸಾವಕಾರರು. ಶೇಖಸಾಬ ಕೈಯಲ್ಲಿದ್ದ ಹಾರೆ ನೆಲಕ್ಕಿಟ್ಟು ಕೂತ. ಕಲ್ಲು ಹೊರುವವರು ಕೂತರು. ಬನಶಂಕರೆವ್ವ ಮರಿಗೆ ಬೋರಲು ಹಾಕಿ ಅದರ ಮೇಲೇ ಕೂತಳು. ನಾನಂತೂ ಮೊದಲೇ ಕೂತಿದ್ದೆ.

ನಿಂತವರು ಇಬ್ಬರೇ, ಸಾವಕಾರರು ಮತ್ತು ಬಸವಣ್ಣೆವ್ವ. ಬಿಸಿಲು ನೆತ್ತಿಗೆ ಬಂದಿತ್ತು. ಚಕ್ಕೆಗಳು ಕಾದಿದ್ದವು. ಎಣ್ಣೆ ತಿಕ್ಕಿಸಿಕೊಂಡ ಸಾವಕಾರರ ಪಾದಕ್ಕೆ ಅದರ ರೂಢಿ ಇರಲಿಲ್ಲ. ಒಂದು ಕಾಲೆತ್ತಿದರು, ಅದನ್ನು ಇಟ್ಟು ಇನ್ನೊಂದೆತ್ತಿದರು.

"ತಾರಲೇ ನನ್ನ ಚಪ್ಪಲ್!"

ದುರುಗಪ್ಪ ಥಟ್ಟನೆ ಬಿಚ್ಚಿ ವಿನಯದಿಂದ ಮುಂದೆ ಇಟ್ಟ. "ಹಾಕ್ಕೋರಿ."

ಸಾವಕಾರರು ಕಾಲು ಮುಂದೆ ಚಾಚಿದರು. ಬಸವಣ್ಣೆವ್ವ ಚೀರಿದಳು, "ಅಂವ ಮೆಟ್ಟಿದ್ದ ಮೆಟ್ಟಿದ್ರ ಮನಿಯೊಳಗ ಬರಬ್ಯಾಡ್ರಿ!" ಚಾಚಿದ ಕಾಲು ಗಾಳಿಯಲ್ಲೇ ನಿಂತಿತು. ದುರುಗಪ್ಪ ಅಯ್ಯೋ ಪಾಪ ಎಂದು ಮತ್ತೆ ತಾನೇ ಹಾಕಿಕೊಂಡ. ಬಸವಣ್ಣೆವ್ವ ತನ್ನ ಚಪ್ಪಲಿ ಬಿಚ್ಚಿ ಗಂಡನಿಗೆ ಕೊಡಹೋದಳು. ಹೂವಿನ ಚಿತ್ರದ, ಹಿಮ್ಮಡಿ ಎತ್ತರದ ಚಪ್ಪಲಿ. ಅದನ್ನು ನೋಡಿ ಶೇಖಸಾಬ ಮುಖಕ್ಕೆ ಟವೆಲ್ಲು ಮುಚ್ಚಿಕೊಂಡ. ಜೀಪು ಹೊಲದ ಆ ತುದಿಗೆ. ನಡುವೆ ಎಲ್ಲ ನಾವು ಒಡೆದು ಹಾಕಿದ ಚಕ್ಕೆ.

"ಯಾರರ ಬೆನ್ನ ಮ್ಯಾಲ ಹೊತ್ಕೊಂಡ ಹೋಗ್ರಲೇ!"

ಯಾರೂ ಏಳಲಿಲ್ಲ. ಕಾಗೆಯೊಂದು ಆರತಿ ತಟ್ಟೆಯ ಕೊಬ್ಬರಿ ಎತ್ತಿಕೊಂಡು ಹೋಯಿತು.

"ಏನಬೇಕ್ರಲೇ ನಿಮಗ?" ಎಂದರು ಕೊನೆಗೆ, ಒಂಟಿ ಕಾಲಲ್ಲಿ.

"ಕಂಬ," ಎಂದೆ ನಾನು. "ಮತ್ತ ನಿಮ್ಮ ಅಟ್ಟದ ಮ್ಯಾಲಿನ ಹೆಲ್ಮೆಟ್ಟು. ಬುಟ್ಟಿ ಹೊರೋರಿಗೂ."

"ತರಸ್ರಿ," ಎಂದಳು ಬಸವಣ್ಣೆವ್ವ. "ಕಂಬ ಕೊಟ್ಟ ಮ್ಯಾಲ ನೀವ ಹೋಗ್ರಿ. ಕಾಲ್ಗುಣ ಕಳಕೋಬ್ಯಾಡ್ರಿ."

ಸಾವಕಾರರು ಹೆಂಡತಿಯ ಹೆಗಲು ಹಿಡಿದು, ಕೊಕ್ಕರೆಯಂತೆ ನಿಂತು, ಮುಂಡರಗಿಯ ಕಟ್ಟಿಗೆ ಅಡ್ಡೆಗೆ ಫೋನು ಹಚ್ಚಿದರು. ಹೊತ್ತು ಇಳಿಯುವುದರೊಳಗೆ ಟ್ರ್ಯಾಕ್ಟರಿನಲ್ಲಿ ಕಂಬ ಬಂದವು. ಅಟ್ಟದ ಹೆಲ್ಮೆಟ್ಟು ಬಂದವು. ಸಾವಕಾರರಿಗೆ ಮನೆಯಿಂದ ಹಳೆಯ ಸ್ಲಿಪ್ಪರು ಬಂತು. ನನ್ನ ಹೆಲ್ಮೆಟ್ಟು ದೊಡ್ಡದಾಗಿ ಕಣ್ಣ ಮೇಲೆ ಇಳಿಯಿತು, ಬನಶಂಕರೆವ್ವ ನನ್ನನ್ನು ನೋಡಿ ನೋಡಿ ನಕ್ಕಳು.

ಶೇಖಸಾಬ ಗವಿಯ ಬಾಯಿಗೆ ಮೊದಲ ಕಂಬ ಕೊಟ್ಟ. ಅದರಡಿ ನಿಂತು, ಉದ್ದನೆಯ ಹಾರೆಯನ್ನು ಒಳಗೆ ಚಾಚಿ ಮೇಲ್ಬಂಡೆಗೆ ಮೆಲ್ಲಗೆ ತಿವಿದ. ಇನ್ನೊಮ್ಮೆ ತಿವಿದ.

ಬಂಡೆ ಬಂತು.

ಸದ್ದಿಗೆ ನೆಲ ನಡುಗಿತು. ದೂಳು ಇಳಿದ ಮೇಲೆ ನೋಡಿದರೆ, ಇಬ್ಬರು ಮಲಗುವ ಹೊರಸಿನಷ್ಟು ದೊಡ್ಡ ಚಪ್ಪಡಿ. ಪೂಜೆಯಾದ ಮೇಲೆ ದುರುಗಪ್ಪ ಪ್ರತಿ ಸಲ ಹೋಗಿ ನಿಂತು, ಇಲ್ರಿ, ಏನೂ ಆಗಿಲ್ಲ, ಬರ್ರಿ ಎಂದು ಕೂಗುತ್ತಿದ್ದ ಜಾಗದಲ್ಲಿ ಬಿದ್ದಿತ್ತು. ಅಲ್ಲಿಯ ತನಕ ನಗುತ್ತಿದ್ದ ನಾನು ಹೆಲ್ಮೆಟ್ಟಿನೊಳಗೇ ಅತ್ತೆ. ದುರುಗಪ್ಪ ನನ್ನ ಪಕ್ಕಕ್ಕೆ ಬಂದು ನಿಂತ.

ಎಲ್ಲರಿಗಿಂತ ಮೊದಲು ಬಾಯಿ ಬಂದದ್ದು ಸಾವಕಾರರಿಗೆ. ಎದೆಯುಬ್ಬಿಸಿ ಹೆಂಡತಿಯ ಕಡೆ ತಿರುಗಿದರು.

"ನೋಡಿದೇನು? ಒಬ್ಬರಿಗೂ ಏನೂ ಆಗಲಿಲ್ಲ. ನನ್ನ ಕಾಲ್ಗುಣ!"

ಬಸವಣ್ಣೆವ್ವ ಕೈ ಮುಗಿದಳು. ನಾನು ಹೆಲ್ಮೆಟ್ಟು ಹಿಂದಕ್ಕೆ ಸರಿಸಿ, ಮೂಗು ಒರೆಸಿಕೊಂಡು ಸಾವಕಾರರ ಎದುರು ಹೋಗಿ ನಿಂತೆ.

"ಕಾಲ್ಗುಣ ಅಲ್ರಿ ಸಾವ್ಕಾರ್ರ. ಇವತ್ತ ನನ್ನ ಗಂಡ ಕುಂತಾನ. ಕುಂತಾನಂತ ಉಳದಾನ. ನಾಳೆ ಕಂಬ ಇಲ್ಲಂದ್ರ ನಾಳೆನೂ ಕುಂದರ್ತಾನ. ನಾವೂ ಕುಂದರ್ತೇವಿ."